ಆಗ್ರಾದ ಕೊಳವೆ, ಫಿಲಡೆಲ್ಫಿಯಾದ ಹೆಸರು

ಮಕ್ಕಳ ಶಸ್ತ್ರಚಿಕಿತ್ಸೆಯ ಪಠ್ಯಗಳಲ್ಲಿ ಹೈಪೋಸ್ಪೇಡಿಯಾಸ್ ಅಧ್ಯಾಯ ತೆರೆದರೆ ಹೆಸರುಗಳದೇ ಸಂತೆ: ಮಾತ್ಯೂ, ಡಕೆಟ್, ಸ್ನಾಡ್‌ಗ್ರಾಸ್, ಬ್ರಾಕಾ. ಈ ಹುಟ್ಟುದೋಷದಲ್ಲಿ ಗಂಡುಮಗುವಿನ ಮೂತ್ರದ್ವಾರ ಶಿಶ್ನದ ತುದಿಯಲ್ಲಿರದೆ ಕೆಳಮೈಯಲ್ಲೆಲ್ಲೋ ತೆರೆದಿರುತ್ತದೆ. ಅದನ್ನು ತುದಿಗೆ ತರಲು ಮುನ್ನೂರಕ್ಕೂ ಹೆಚ್ಚು ವಿಧಾನಗಳು ದಾಖಲಾಗಿವೆ. ಇವುಗಳಲ್ಲಿ ಯಾವುದು ಮೇಲು? ಅಡಿಟಿಪ್ಪಣಿಗಳ ಬೆನ್ನು ಹತ್ತಿ ಹೋದಾಗ ಡಕೆಟ್‌ಗಿಂತ ಹಿಂದಿನ ಒಂದು ಹೆಸರು ಸಿಕ್ಕಿತು: ಆಗ್ರಾದ ಎಚ್.ಎಸ್. ಅಸೋಪಾ.

ಅಸೋಪಾ ಮತ್ತು ಸಂಗಡಿಗರ ಲೇಖನ 1971ರ ‘ಇಂಟರ್‌ನ್ಯಾಷನಲ್ ಸರ್ಜರಿ’ಯಲ್ಲಿದೆ. ಮುಂದೊಗಲಿನ ಒಳಪದರವನ್ನೇ ಕೊಳವೆಯಾಗಿ ಸುತ್ತಿ ಒಂದೇ ಸಲಕ್ಕೆ ಮೂತ್ರನಾಳ ಕಟ್ಟುವ ವಿಧಾನ ಅದು. ತಲೆಬರಹದಲ್ಲೇ ‘ಪ್ರಾಥಮಿಕ ವರದಿ’ ಎಂಬ ಸಂಕೋಚ. ಫಿಲಡೆಲ್ಫಿಯಾದ ಜಾನ್ ಡಕೆಟ್ ಅವರ ಪ್ರಸಿದ್ಧ ಲೇಖನ ಬಂದದ್ದು 1980ರಲ್ಲಿ. ನಮ್ಮವರೇ ಮೊದಲು ಎಂದು ಬೀಗುವ ಮುನ್ನ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಅಸೋಪಾ ಅವರ ಕೊಳವೆ ಹೊರಚರ್ಮಕ್ಕೆ ಅಂಟಿಕೊಂಡೇ ಕೆಳಮೈಗೆ ಬರುತ್ತದೆ. ಡಕೆಟ್ ಅದನ್ನು ಹೊರಚರ್ಮದಿಂದ ಬಿಡಿಸಿ, ರಕ್ತನಾಳಗಳ ತೊಟ್ಟೊಂದನ್ನೇ ಉಳಿಸಿಕೊಂಡು ತಿರುಗಿಸಿದರು. ತೊಟ್ಟು ಜಗ್ಗಿದರೆ ಕೊಳವೆಗೆ ರಕ್ತ ಸಾಲದು. ಎರಡಕ್ಕೂ ಮುಂದೊಗಲೇ ಬಂಡವಾಳ. ಅದಕ್ಕೇ ಇಂಥ ಮಗುವಿಗೆ ಮೊದಲೇ ಸುನ್ನತಿ ಮಾಡಿಸಬಾರದು ಎನ್ನುವುದು.

1994ರಲ್ಲಿ ಅಮೆರಿಕದ ವಾರೆನ್ ಸ್ನಾಡ್‌ಗ್ರಾಸ್ ಆ ಬಂಡವಾಳವನ್ನು ಮುಟ್ಟದೆಯೇ ಮೂತ್ರನಾಳ ಕಟ್ಟಿದರು. ದ್ವಾರದಿಂದ ತುದಿಯವರೆಗೆ ಇದ್ದ ತಳಪಟ್ಟಿಯನ್ನೇ ನಡುವೆ ಉದ್ದಕ್ಕೆ ಸೀಳಿ, ಅಗಲವಾದ ಅದನ್ನು ಕೊಳವೆಯಾಗಿ ಹೊಲಿದರು. ದ್ವಾರದ ಕೆಳಗಿನ ಚರ್ಮವನ್ನು ಮಗುಚಿ ಹೊದಿಸುವ ಮಾತ್ಯೂ ವಿಧಾನ 1932ರದು. ಅದರಲ್ಲಿ ಹೊಸ ದ್ವಾರ ಅಡ್ಡಕ್ಕೆ ತೆರೆದ ಬಾಯಿಯಂತೆ ಕಾಣುತ್ತದೆ, ಸ್ನಾಡ್‌ಗ್ರಾಸ್‌ನಲ್ಲಿ ಸಹಜವಾದ ಉದ್ದ ಸೀಳು. ಇವೆರಡನ್ನು ಹೋಲಿಸುವುದು ನ್ಯಾಯ, ಎರಡೂ ಹೆಚ್ಚಾಗಿ ತುದಿಗೆ ಹತ್ತಿರದ ದೋಷಕ್ಕೇ ಬಳಕೆಯಾಗುತ್ತವೆ. ಆದರೆ ವೃಷಣಚೀಲದ ಬಳಿ ದ್ವಾರವಿರುವ ಕಠಿಣ ಪ್ರಕರಣಗಳ ಸೋಲುಗಳನ್ನು ಡಕೆಟ್ ಲೆಕ್ಕಕ್ಕೆ ಬರೆದು, ಸುಲಭದವನ್ನು ಸ್ನಾಡ್‌ಗ್ರಾಸ್ ಲೆಕ್ಕಕ್ಕೆ ಬರೆದರೆ ಅದೆಂಥ ಹೋಲಿಕೆ? ತೊಡಕಿನ ಎಣಿಕೆಯೂ ಒಂದೇ ಅಲ್ಲ: ಒಬ್ಬ ಲೇಖಕರು ಮೂತ್ರ ಸೋರುವ ತೂತನ್ನಷ್ಟೇ ತೊಡಕೆಂದು ಎಣಿಸುತ್ತಾರೆ, ಇನ್ನೊಬ್ಬರು ಕಿರಿದಾದ ದ್ವಾರವನ್ನೂ ಸೇರಿಸುತ್ತಾರೆ.

ಇನ್ನೊಂದು ಪ್ರಶ್ನೆ: ಎಣಿಸಿದ್ದು ಯಾವಾಗ? ಕೆಲವೇ ತಿಂಗಳಲ್ಲಿ ಮುಗಿದ ತಪಾಸಣೆಗೆ ವರ್ಷಗಳ ಮೇಲೆ ತಲೆದೋರುವ ಸೋರಿಕೆ ಸಿಗದು. ಇಂಗ್ಲೆಂಡಿನ ಐವಾರ್ ಬ್ರಾಕಾ 1989ರಲ್ಲಿ ಪ್ರಕಟಿಸಿದ ಅಧ್ಯಯನ ಅದಕ್ಕೇ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು. ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆಯಾದವರನ್ನು ಬೆಳೆದು ದೊಡ್ಡವರಾದ ಮೇಲೆ ಕಂಡು ವಿಚಾರಿಸಿದರು. ಆಮೇಲೆ ಬ್ರಾಕಾ ಎತ್ತಿಹಿಡಿದದ್ದು ಎರಡು ಹಂತದ ವಿಧಾನವನ್ನು: ಮೊದಲು ಚರ್ಮದ ಕಸಿ, ಅದು ಕೂಡಿಕೊಂಡ ಕೆಲವು ತಿಂಗಳ ಮೇಲೆ ಕೊಳವೆ.