ಬೂಟಿಗೆ ಹೋದ ಎಣ್ಣೆ, ಬರಿಗಾಲಲ್ಲಿ ನಿಂತ ಕೇರಿ

ಕಪಿಲೆ ಬಾವಿ ಕಂಡ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಎತ್ತು ಎಳೆದಂತೆ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ದಿನವಿಡೀ ನೀರಲ್ಲಿ ಮುಳುಗೇಳುವ ತೊಗಲು ಕೊಳೆಯಬಾರದು, ಒಣಗಿದಾಗ ಬಿರಿಯಬಾರದು. ಅದಕ್ಕೊಂದು ವಿದ್ಯೆ ಬೇಕು. ಆ ವಿದ್ಯೆ ಇದ್ದದ್ದು ಊರಾಚೆಯ ಕೇರಿಯಲ್ಲಿ. ನೂರು ವರ್ಷದ ಹಿಂದೆ ಅದೇ ವಿದ್ಯೆ ಬೂಟಿನ ರೂಪದಲ್ಲಿ ಯುರೋಪಿನ ಯುದ್ಧಕ್ಕೂ ಹೋಯಿತು.

ಕೆಸರಿನಲ್ಲಿ ಕೆಟ್ಟ ಕಾಲುಗಳು

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಫ್ರಾನ್ಸ್, ಬೆಲ್ಜಿಯಂಗಳಲ್ಲಿ ಸೈನಿಕರು ಕಂದಕ ತೋಡಿಕೊಂಡು ಅದರೊಳಗೇ ಕಾದಾಡಿದರು. ಮಳೆ, ಹಿಮ, ಮೊಣಕಾಲುದ್ದ ಕೆಸರು. ದಿನಗಟ್ಟಲೆ ಒದ್ದೆ ಬೂಟಿನಲ್ಲೇ ನಿಂತ ಕಾಲಿಗೆ ರಕ್ತ ಸರಿಯಾಗಿ ಹರಿಯಲಿಲ್ಲ. ಮೊದಲು ಮರಗಟ್ಟುವುದು, ಆಮೇಲೆ ಊತ, ಕೊನೆಗೆ ಕೊಳೆಯುವುದು. ಹಲವರ ಬೆರಳು, ಪಾದಗಳನ್ನೇ ಕತ್ತರಿಸಬೇಕಾಯಿತು. 1914-15ರ ಚಳಿಗಾಲದಲ್ಲಿ ಬ್ರಿಟಿಷ್ ಸೇನೆಯ ಸುಮಾರು 20,000 ಜನ ಹೀಗೆ ಕಾಲಿನ ತೊಂದರೆಗೆ ಸಿಕ್ಕರು.

ಸೇನೆ ಆಮೇಲೆ ಕಟ್ಟುನಿಟ್ಟು ಮಾಡಿತು. ಸೈನಿಕರು ಕಾಲು ಒರೆಸಿ ಒಣ ಕಾಲುಚೀಲ ಹಾಕಬೇಕು, ಪಾದಕ್ಕೆ ತಿಮಿಂಗಿಲದ ಎಣ್ಣೆ ತಿಕ್ಕಬೇಕು. ಬೂಟಿಗೆ ಡಬ್ಬಿನ್ ಹಚ್ಚಬೇಕು. ಡಬ್ಬಿನ್ ಎಂದರೆ ಪ್ರಾಣಿಯ ಕೊಬ್ಬು, ಮೀನೆಣ್ಣೆ ಬೆರೆಸಿದ ಮುಲಾಮು.

ಆ ಬೂಟಿನ ತೊಗಲು ಯಾರದು?

ಬೂಟಿನ ಮೇಲ್ಭಾಗಕ್ಕೆ ಬೇಕಾದ ಚರ್ಮ ಬಹಳಷ್ಟು ಹೋದದ್ದು ದಕ್ಷಿಣ ಭಾರತದಿಂದ. ನಮ್ಮ ಸಣ್ಣ ಜಾತಿಯ ದನಗಳ ಚರ್ಮಕ್ಕೆ ಅಲ್ಲಿನ ವ್ಯಾಪಾರಿಗಳು ‘ಈಸ್ಟ್ ಇಂಡಿಯಾ ಕಿಪ್ಸ್’ ಎನ್ನುತ್ತಿದ್ದರು. ಬೇಡಿಕೆ ಎಷ್ಟಿತ್ತೆಂದರೆ, 1916ರಲ್ಲಿ ಸರ್ಕಾರ ಈ ವ್ಯಾಪಾರವನ್ನೇ ತನ್ನ ಹತೋಟಿಗೆ ತೆಗೆದುಕೊಂಡಿತು.

ಹದ ಮಾಡುವ ಕ್ರಮ ಹೀಗಿತ್ತು: ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ತೆಗೆಯುವುದು. ತಂಗಡಿ ಗಿಡದ ತೊಗಟೆ ಹಾಕಿದ ಗುಂಡಿಯಲ್ಲಿ ದಿನಗಟ್ಟಲೆ ನೆನೆಸುವುದು. ನಂತರ ಅಳಲೆಕಾಯಿ ನೀರು. ಕೊನೆಗೆ ಹೊಂಗೆಯಂಥ ಎಣ್ಣೆ ತಿಕ್ಕುವುದು. ಈ ತಂಗಡಿ ಬೇರೆಲ್ಲಿಯದೋ ಅಲ್ಲ, ನಮ್ಮ ಒಣ ಸೀಮೆಯ ಬೇಲಿಗಳಲ್ಲಿ ಹಳದಿ ಹೂ ಬಿಡುವ ಗಿಡವೇ.

ತೊಗಟೆಯ ಒಗರು ಚರ್ಮ ಕೊಳೆಯದಂತೆ ತಡೆಯುತ್ತದೆ. ಎಣ್ಣೆ ಚರ್ಮದ ಎಳೆಗಳ ನಡುವೆ ಕೂತು ಅವು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತದೆ. ಹಾಗಾಗಿ ಬಗ್ಗಿಸಿದರೂ ಬಿರಿಯದು, ನೀರು ಬೇಗ ಒಳಗಿಳಿಯದು. ಡಬ್ಬಿನ್ ಮಾಡುತ್ತಿದ್ದುದೂ ಇದೇ ಕೆಲಸ.

ಕಪಿಲೆಗೂ ಬೂಟಿಗೂ ಇನ್ನೊಂದು ನಂಟಿದೆ. ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷ್ ಎಂಜಿನಿಯರ್ ಮದ್ರಾಸಿನಲ್ಲಿ ಕ್ರೋಮ್ ಎಂಬ ಹೊಸ ರಾಸಾಯನಿಕ ಹದವನ್ನು ಪ್ರಯೋಗ ಮಾಡಿದಾಗ, ಆ ಚರ್ಮವನ್ನು ಬಳಸಿದ್ದು ಕಪಿಲೆ ಚೀಲಕ್ಕೆ. ಅದು ನೀರನ್ನು ಹೆಚ್ಚು ಕಾಲ ತಾಳುತ್ತಿತ್ತು. ಇವರೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕೆಗಳ ನಿರ್ದೇಶಕರಾದರು.

ಲೆಕ್ಕಕ್ಕೆ ಸಿಗದವರು

ಚಾಟರ್ಟನ್ ಹೆಸರು ದಾಖಲೆಯಲ್ಲಿದೆ. ಸುಣ್ಣದ ಗುಂಡಿಗಿಳಿದು ಕೈಕಾಲು ಸುಟ್ಟುಕೊಂಡವರ ಹೆಸರಿಲ್ಲ. ಅವರಲ್ಲಿ ಹೆಚ್ಚಿನವರು ದಲಿತರು. ಜಗತ್ತಿನ ಕಾಲಿಗೆ ಬೂಟು ಕೊಟ್ಟ ಇವರು ಎಷ್ಟೋ ಊರುಗಳಲ್ಲಿ ಮೇಲ್ಜಾತಿಯವರ ಮನೆ ಮುಂದೆ ಚಪ್ಪಲಿ ಮೆಟ್ಟಿ ನಡೆಯುವಂತಿರಲಿಲ್ಲ, ಕೈಯಲ್ಲಿ ಹಿಡಿದು ಹೋಗಬೇಕಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ರೂಢಿ ಅಷ್ಟು ಬೇಗ ಬಿಡಲಿಲ್ಲ.

ನಿಮ್ಮ ಬೂಟಿಗೆ

ಈ ಮಳೆಗಾಲಕ್ಕೆ ಆ ಹಳೆಯ ತಿಳಿವಳಿಕೆ ಸಾಕು. ಒದ್ದೆ ಬೂಟನ್ನು ಒಲೆ ಮುಂದಾಗಲಿ, ಸುಡುಬಿಸಿಲಲ್ಲಾಗಲಿ ಇಡಬೇಡಿ. ಬಿಸಿಗೆ ತೊಗಲು ಸೆಟೆದು ಬಿರಿಯುತ್ತದೆ. ಕೆಸರು ಒರೆಸಿ, ಒಳಗೆ ಹಳೇ ಪೇಪರ್ ತುಂಬಿ, ನೆರಳಲ್ಲಿ ಗಾಳಿಗಿಡಿ. ಪೂರ್ತಿ ಒಣಗಿದ ಮೇಲೆ ಮೇಣ ಅಥವಾ ಸ್ವಲ್ಪವೇ ಹರಳೆಣ್ಣೆಯನ್ನು ಬಟ್ಟೆಯಲ್ಲಿ ತಿಕ್ಕಿ. ಹೊಲಿಗೆಯ ಜಾಗ ಮರೆಯಬೇಡಿ, ನೀರು ಮೊದಲು ನುಗ್ಗುವುದು ಅಲ್ಲೇ.

ನಿಮ್ಮೂರಲ್ಲಿ ತೊಗಲು ಹದ ಮಾಡಿದ, ಕಪಿಲೆ ಚೀಲ ಹೊಲಿದ ಹಿರಿಯರಿದ್ದರೆ ಹೋಗಿ ಮಾತಾಡಿಸಿ. ಅವರ ಹೆಸರು ಸಮೇತ ಬರೆದಿಡಿ. ಅವರ ಕೆಲಸ ದೂರದ ದೇಶಗಳನ್ನು ಮುಟ್ಟಿದೆ, ಅವರ ಹೆಸರು ಕನಿಷ್ಠ ನಮ್ಮೂರಿನಲ್ಲಾದರೂ ಉಳಿಯಲಿ.