ಫೈಬ್ರೊಮಯಾಲ್ಜಿಯ ಮತ್ತು ಥೈರಾಯಿಡ್ ವ್ಯಾಧಿ: ಸಾದೃಶ್ಯವೋ ಸಂಬಂಧವೋ?

ಬೆಳಗ್ಗೆ ಹಾಸಿಗೆಯಿಂದೇಳುವಾಗಲೇ ಮೈಯೆಲ್ಲ ಹಿಂಡಿದಂತಾಗುವುದು, ರಾತ್ರಿಯೆಲ್ಲ ಮಲಗಿಯೂ ದಣಿವಾರದಿರುವುದು, ಆಡಹೊರಟ ಮಾತು ನಾಲಗೆಯ ತುದಿಗೆ ಬಂದು ಮರೆತುಹೋಗುವುದು, ಈ ಮೂರು ದೂರುಗಳನ್ನು ಹೊತ್ತು ಬಂದ ಸ್ತ್ರೀಯು ಥೈರಾಯಿಡ್ ಸ್ರಾವದ ನ್ಯೂನತೆಯಿಂದ ಬಳಲುತ್ತಿರುವಳೋ ಫೈಬ್ರೊಮಯಾಲ್ಜಿಯದಿಂದಲೋ ಎಂಬುದನ್ನು ಅವಳ ಮಾತಿನಿಂದಷ್ಟೇ ನಿರ್ಣಯಿಸುವುದು ನುರಿತ ವೈದ್ಯನಿಗೂ ಶಕ್ಯವಲ್ಲ.

ಮೊದಲನೆಯದಕ್ಕೆ ಮದ್ದು ದೊರೆತು ಶತಮಾನವೇ ಕಳೆದಿದೆ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯನು ಕುರಿಯ ಗ್ರಂಥಿಯ ಸಾರವನ್ನು ಚುಚ್ಚಿ ಉಪಚರಿಸಿದ ರೋಗಿಣಿಯು ಅನಂತರ 28 ವರ್ಷ ಬಾಳಿದಳು. ಎರಡನೆಯದಕ್ಕೆ ಆ ಭಾಗ್ಯವೊದಗಲಿಲ್ಲ. ವಿಲಿಯಂ ಗವರ್ಸ್ 1904ರಲ್ಲಿ ಸ್ನಾಯುಶೂಲೆಗೆ ತಂತುಗಳ ಉರಿಯೂತವೇ ಕಾರಣವೆಂದು ಭಾವಿಸಿ ‘ಫೈಬ್ರೊಸೈಟಿಸ್’ ಎಂಬ ಹೆಸರಿಟ್ಟನು. ಆ ಉರಿಯೂತವು ಅಂಗಾಂಶದಲ್ಲಿ ಕಾಣಸಿಗದಿದ್ದುದರಿಂದ 1976ರಲ್ಲಿ ಹೆಸರೇ ಬದಲಾಯಿತು. ನೋವಿನ ಮೂಲವು ಸ್ನಾಯುವಿನಲ್ಲಿರದೆ, ಸಣ್ಣ ಒತ್ತಡವನ್ನೂ ಯಾತನೆಯಾಗಿ ಗ್ರಹಿಸುವ ಮಿದುಳು ಮತ್ತು ಬೆನ್ನುಹುರಿಗಳಲ್ಲಿದೆಯೆಂಬುದು ಇಂದಿನ ಪ್ರಬಲ ಅಭಿಪ್ರಾಯ.

ಭೇದವು ಕೈಗೆ ಸಿಕ್ಕುವುದು ಪರೀಕ್ಷೆಯಲ್ಲಿ. ರೋಗಿಯನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ ಹಿಮ್ಮಡಿಯ ಸ್ನಾಯುರಜ್ಜುವಿಗೆ ಮೆಲ್ಲನೆ ಸುತ್ತಿಗೆ ತಾಗಿಸಿದರೆ, ಥೈರಾಯಿಡ್ ಕುಂದಿದವರ ಪಾದವು ಚಿಮ್ಮಿ, ಹಿಂದಿರುಗಲು ಮನಸ್ಸಿಲ್ಲದಂತೆ ಸಾವಕಾಶವಾಗಿ ಇಳಿಯುತ್ತದೆ, ರಕ್ತದಲ್ಲಿ ಟಿ.ಎಸ್.ಎಚ್. ಏರಿರುತ್ತದೆ, ಕ್ರಿಯಾಟಿನ್ ಕೈನೇಸ್ ಸಹ ಅನೇಕರಲ್ಲಿ ಹೆಚ್ಚಿರುತ್ತದೆ. ಕೇವಲ ಫೈಬ್ರೊಮಯಾಲ್ಜಿಯವಿದ್ದವರಲ್ಲಿ ಇವಾವುವೂ ಇರುವುದಿಲ್ಲ. ಆದರೆ ಅವರ ಮೈಯ ನಿಗದಿತ ಬಿಂದುಗಳನ್ನು ವೈದ್ಯನು ತನ್ನ ಹೆಬ್ಬೆರಳಿನ ಉಗುರು ಬಿಳಿಚುವಷ್ಟು, ಎಂದರೆ ಸುಮಾರು 4 ಕಿಲೋಗ್ರಾಂ ಭಾರದಷ್ಟು, ಒತ್ತಿದರೆ ಸಾಕು, ಅವರು ಬೆಚ್ಚಿ ಸರಿಯುತ್ತಾರೆ. 1990ರ ಲಕ್ಷಣನಿಯಮವು ಇಂತಹ 18 ಬಿಂದುಗಳಲ್ಲಿ 11 ನೋಯಬೇಕೆಂದು ವಿಧಿಸಿದ್ದಿತು.

ಹಾಗಾದರೆ ಇದು ಬರಿಯ ಸಾದೃಶ್ಯವೇ? ಹಾಗೆನ್ನಲು ನನ್ನ ಮನಸ್ಸು ಒಪ್ಪದು. 1912ರಲ್ಲಿ ಜಪಾನಿನ ಹಕಾರು ಹಶಿಮೋಟೊ ವರ್ಣಿಸಿದ ಗ್ರಂಥಿರೋಗದಲ್ಲಿ ದೇಹವು ತನ್ನ ಗ್ರಂಥಿಯ ಮೇಲೆ ತಾನೇ ದಂಡೆತ್ತುತ್ತದೆ. ಆ ದಾಳಿಯ ಕುರುಹಾದ ಪ್ರತಿಕಾಯಗಳು, ಸ್ರಾವವು ಸಹಜವಾಗಿರುವ ಫೈಬ್ರೊಮಯಾಲ್ಜಿಯ ರೋಗಿಗಳಲ್ಲಿಯೂ ಇತರರಿಗಿಂತ ಹೆಚ್ಚಾಗಿ ಕಂಡುಬಂದುದನ್ನು ಬ್ರೆಜಿಲ್, ಇಟಲಿ, ತುರ್ಕಿಗಳ ಸಂಶೋಧಕರು ವರದಿಮಾಡಿರುವರು. ಆದರೆ ಸಹವಾಸವು ಕಾರಣತ್ವವಲ್ಲ. ಗ್ರಂಥಿಯ ಕೊರತೆಯನ್ನು ಮಾತ್ರೆಯಿಂದ ತುಂಬಿದ ಮೇಲೂ ಹಲವರಲ್ಲಿ ನೋವುಳಿಯುವುದು. ಆಗ ಥೈರಾಕ್ಸಿನ್ ಪ್ರಮಾಣವನ್ನು ಅಗತ್ಯ ಮೀರಿ ಏರಿಸಿದರೆ ಎದೆಬಡಿತ ತಪ್ಪೀತು, ಮೂಳೆ ಸವೆದೀತೇ ಹೊರತು ನೋವು ಇಳಿಯದು.

ಆದುದರಿಂದ ವೈದ್ಯಬಂಧುಗಳಲ್ಲಿ ನನ್ನ ಬಿನ್ನಹವಿಷ್ಟು: ಫೈಬ್ರೊಮಯಾಲ್ಜಿಯವೆಂದು ಹೆಸರಿಡುವ ಮುನ್ನ ಒಮ್ಮೆ ಟಿ.ಎಸ್.ಎಚ್. ನೋಡಿರಿ, ಅದು ಸರಿಯಿದೆಯೆಂದು ತಿಳಿದ ಬಳಿಕ, ನಿನಗೇನೂ ಇಲ್ಲವೆಂದು ಹೇಳಿ ಆಕೆಯನ್ನು ಮನೆಗೆ ಕಳುಹಿಸಬೇಡಿರಿ.