ಆಲ್ಕಾನ್ ಪಿಯಾನೊ ಕೃತಿಗಳು: ವಾದನದ ಇತಿಹಾಸ

ಫ್ರಾನ್ಸಿನ ಪಿಯಾನೊ ವಾದಕ, ಸಂಗೀತರಚನಕಾರ ಷಾರ್ಲ್ ವಾಲಾಂತ್ಯಾಂ ಆಲ್ಕಾನ್ (1813–1888) ರಚಿಸಿದ ಕೃತಿಗಳು ಪಿಯಾನೊ ಸಾಹಿತ್ಯದಲ್ಲೇ ಅತಿ ಕಠಿಣವಾದವುಗಳ ಸಾಲಿನಲ್ಲಿವೆ. ಈತನ ಮರಣಾನಂತರ ಬಹುಕಾಲ ಮುದ್ರಿತ ಸ್ವರಲಿಪಿಯಲ್ಲೇ ಉಳಿದಿದ್ದ ಇವು ಇಪ್ಪತ್ತನೆಯ ಶತಮಾನದ ಕೆಲವೇ ವಾದಕರ ಪರಿಶ್ರಮದಿಂದ ಕಚೇರಿಗಳಿಗೆ ಮರಳಿದವು.

ಹಿನ್ನೆಲೆ

ಪ್ಯಾರಿಸ್ಸಿನ ಯಹೂದಿ ಕುಟುಂಬದಲ್ಲಿ ಹುಟ್ಟಿದ ಆಲ್ಕಾನ್ ಆರನೆಯ ವಯಸ್ಸಿಗೇ ಅಲ್ಲಿನ ಸಂಗೀತ ವಿದ್ಯಾಲಯವಾದ ಕನ್ಸರ್ವೇಟರಿಯನ್ನು ಸೇರಿದ. ಸಂಗೀತರಚನಕಾರ ಶೋಪಾನ್ ಈತನ ಗೆಳೆಯ, ನೆರೆಯವ. 1848ರಲ್ಲಿ ಆಲ್ಕಾನ್‌ಗೆ ಕನ್ಸರ್ವೇಟರಿಯ ಪಿಯಾನೊ ಪ್ರಾಧ್ಯಾಪಕ ಹುದ್ದೆ ಕೈತಪ್ಪಿತು. ಮರುವರ್ಷ ಶೋಪಾನ್ ತೀರಿಕೊಂಡ. ಕೆಲವೇ ವರ್ಷಗಳಲ್ಲಿ ವೇದಿಕೆಯಿಂದ ಹಿಂದೆ ಸರಿದ ಆಲ್ಕಾನ್ 1873ರವರೆಗೆ ಏಕಾಂತದಲ್ಲೇ ಇದ್ದ. ‘ಎಲ್ಲ ಮೈನರ್ ಶ್ರುತಿಗಳಲ್ಲಿ ಹನ್ನೆರಡು ಎಟ್ಯೂಡ್‌ಗಳು’ (ಅಭ್ಯಾಸಕೃತಿಗಳು, ಓಪಸ್ 39) ಎಂಬ ಮಹಾಕೃತಿ ಪ್ರಕಟವಾದದ್ದು ಈ ಅವಧಿಯಲ್ಲೇ, 1857ರಲ್ಲಿ. ಇದರ ನಾಲ್ಕು ಎಟ್ಯೂಡ್‌ಗಳು ಸೇರಿ ‘ಸಿಂಫನಿ’, ಮೂರು ಸೇರಿ ‘ಕನ್ಚೆರ್ಟೊ’ ಆಗುತ್ತವೆ. ಕನ್ಚೆರ್ಟೊದಲ್ಲಿ ಆರ್ಕೆಸ್ಟ್ರಾದ ಪಾತ್ರವನ್ನೂ ಏಕವಾದಕನ ಪಾತ್ರವನ್ನೂ ಒಬ್ಬನೇ ನಿರ್ವಹಿಸಬೇಕು. ಅದರ ಮೊದಲ ಭಾಗವೊಂದೇ 1300ಕ್ಕೂ ಹೆಚ್ಚು ಬಾರ್‌ಗಳಷ್ಟಿದ್ದು, ನುಡಿಸಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ.

ಪುನರುಜ್ಜೀವನ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಿಯಾನೊ ವಾದಕ ಬುಸೋನಿ ಬರ್ಲಿನ್‌ನಲ್ಲಿ ಈ ಕೃತಿಗಳನ್ನು ನುಡಿಸಿದ. ಆತನ ಶಿಷ್ಯ ಎಗಾನ್ ಪೆಟ್ರಿ 1930ರ ದಶಕದಲ್ಲಿ ಬಿಬಿಸಿ ಮೂಲಕ ಅವನ್ನು ಬಿತ್ತರಿಸಿದ. ಆದರೂ ಕೇಳುಗರ ಬಳಗ ಕಿರಿದಾಗಿಯೇ ಇತ್ತು. ನಿಜವಾದ ತಿರುವು ತಂದವನು ಅಮೆರಿಕದ ರೇಮಂಡ್ ಲೆವೆಂತಾಲ್. 1953ರಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ನಡೆದ ಹಲ್ಲೆಯಲ್ಲಿ ಈತನ ಕೈಮೂಳೆಗಳು ಮುರಿದಿದ್ದವು. ಚೇತರಿಸಿಕೊಂಡು ಆಲ್ಕಾನ್ ಅಧ್ಯಯನದಲ್ಲಿ ತೊಡಗಿದ ಲೆವೆಂತಾಲ್ 1963ರ ರೇಡಿಯೊ ಕಾರ್ಯಕ್ರಮ, 1965ರ ಧ್ವನಿಮುದ್ರಿಕೆಗಳಿಂದ ಹೊಸ ತಲೆಮಾರನ್ನು ತಲುಪಿದ. ಇಂಗ್ಲೆಂಡಿನ ರೊನಾಲ್ಡ್ ಸ್ಮಿತ್ ವಾದನದ ಜೊತೆಗೆ ಗ್ರಂಥರಚನೆಯಿಂದಲೂ ಆಲ್ಕಾನ್‌ನನ್ನು ಪರಿಚಯಿಸಿದ. ಕೆನಡಾದ ಮಾರ್ಕ್ ಆಂದ್ರೆ ಹ್ಯಾಮ್ಲಿನ್ ಕನ್ಚೆರ್ಟೊವನ್ನು ಎರಡು ಬಾರಿ ಧ್ವನಿಮುದ್ರಿಸಿದ್ದಾನೆ. ಎರಡನೆಯದು 2007ರಲ್ಲಿ ಹೊರಬಂತು.

ವಾದನ ಶೈಲಿಗಳು

ಲೆವೆಂತಾಲ್‌ನ ವಾದನದಲ್ಲಿ ನಾಟಕೀಯತೆ ಮುಂದು. ತೀವ್ರ ಏರಿಳಿತಗಳು ಕೇಳುಗರನ್ನು ಹಿಡಿದಿಡುತ್ತವೆ. ಸ್ಮಿತ್ ಕೃತಿಯ ಒಟ್ಟು ರಚನಾವಿನ್ಯಾಸಕ್ಕೆ ಹೆಚ್ಚು ಗಮನ ಕೊಡುತ್ತಾನೆ. ಹ್ಯಾಮ್ಲಿನ್‌ನಲ್ಲಿ ಅತಿವೇಗದಲ್ಲೂ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಲಯ ಸಡಿಲವಾದರೆ ಆಲ್ಕಾನ್‌ನ ದೀರ್ಘ ರಚನೆಗಳು ಬಿಡಿ ಕಸರತ್ತುಗಳಾಗಿ ಚೆದುರುತ್ತವೆ. ಬಿಗಿಯಾದ ಲಯದಲ್ಲಿ ಅವುಗಳ ಸಿಂಫನಿಯಂಥ ವಿಸ್ತಾರ ಗೋಚರಿಸುತ್ತದೆ. ಇದನ್ನು ನುಡಿಸಿ ತೋರಿಸಿದ್ದೇ ಈ ವಾದಕರ ದೊಡ್ಡ ಕೊಡುಗೆ.